ಕ್ವಾಂಟಮ್ ಪ್ರೋಗ್ರಾಮಿಂಗ್ ಭಾಷೆಗಳಿಗೆ ಬೇರೆ ಬಗೆಯ ಟೈಪ್ ವ್ಯವಸ್ಥೆ (ಯಾವ ಮೌಲ್ಯವನ್ನು ಹೇಗೆ ಬಳಸಬಹುದು ಎಂಬ ನಿಯಮಗಳು) ಯಾಕೆ ಬೇಕು?

ಮುಖ್ಯ ಕಾರಣ ನಕಲು. ಮಾಮೂಲಿ ಭಾಷೆಯಲ್ಲಿ ಒಂದು ವೇರಿಯಬಲ್ ಅನ್ನು ಎಷ್ಟು ಸಲ ಬೇಕಾದರೂ ಬಳಸಬಹುದು, ಅಲ್ವಾ? ಆದರೆ ಕ್ವಾಂಟಮ್ ಕಂಪ್ಯೂಟರಿನಲ್ಲಿ ಮಾಹಿತಿ ಹಿಡಿದಿಡುವ ಮೂಲ ಘಟಕ ಕ್ಯೂಬಿಟ್. ಗೊತ್ತಿಲ್ಲದ ಸ್ಥಿತಿಯಲ್ಲಿರುವ ಕ್ಯೂಬಿಟ್‌ನ ನಕಲು ಮಾಡಲು ಆಗುವುದೇ ಇಲ್ಲ. 1982ರಲ್ಲೇ ಇದು ಸಾಬೀತಾಗಿದೆ. ಲೀನಿಯರ್ ಟೈಪ್ ಇದ್ದರೆ, ಪ್ರತಿ ಕ್ಯೂಬಿಟ್ ಒಂದೇ ಸಲ ಬಳಕೆಯಾಗಿದೆಯೇ ಎಂದು ಕಂಪೈಲರ್ (ಬರೆದ ಕೋಡನ್ನು ಯಂತ್ರದ ಭಾಷೆಗೆ ತರುವ ಪ್ರೋಗ್ರಾಂ) ಓಡಿಸುವ ಮೊದಲೇ ನೋಡುತ್ತದೆ. 2013ರ ಕ್ವಿಪ್ಪರ್ ಭಾಷೆ ಹ್ಯಾಸ್ಕೆಲ್ ಎಂಬ ಮಾಮೂಲಿ ಭಾಷೆಯ ಒಳಗೆ ಕಟ್ಟಿದ್ದು, ಅದರಲ್ಲಿ ಆಗ ಲೀನಿಯರ್ ಟೈಪ್ ಇರಲಿಲ್ಲ. ಹಾಗಾಗಿ ಇಂಥ ತಪ್ಪು ಪ್ರೋಗ್ರಾಂ ಓಡಿಸಿದಾಗಲೇ ಗೊತ್ತಾಗುತ್ತಿತ್ತು.

ಕ್ಯೂಬಿಟ್ ಬಿಸಾಡುವುದು ಇನ್ನೂ ಕಷ್ಟ. ನಡುವಿನ ಲೆಕ್ಕಕ್ಕೆ ಬಳಸಿದ ಕ್ಯೂಬಿಟ್ ಉಳಿದವುಗಳ ಜೊತೆ ಹೆಣೆದುಕೊಂಡಿರಬಹುದು, ಅಂದರೆ ಅವುಗಳ ಸ್ಥಿತಿಗಳು ಒಂದಕ್ಕೊಂದು ಅಂಟಿಕೊಂಡಿರಬಹುದು. ಸುಮ್ನೆ ಕೈಬಿಟ್ಟರೆ ಫಲಿತಾಂಶವೇ ಕೆಡುತ್ತದೆ. ಲೆಕ್ಕವನ್ನು ಕೊನೆಯಿಂದ ಮೊದಲಿಗೆ ಹಿಮ್ಮುಖವಾಗಿ ನಡೆಸಿ ಅದನ್ನು ಸೊನ್ನೆಗೆ ತರಬೇಕು. ನನಗೆ ಜಾಸ್ತಿ ಹಿಡಿಸಿದ್ದು ಇಟಿಎಚ್ ಜ್ಯೂರಿಚ್‌ನ ಸಿಲ್ಕ್ ಭಾಷೆ. 2020ರಲ್ಲಿ ಬಂದ ಅದು, ಎಲ್ಲಿ ಸುರಕ್ಷಿತ ಎಂದು ಟೈಪ್‌ಗಳಿಂದ ತಿಳಿದುಕೊಂಡು ಈ ಕೆಲಸವನ್ನು ತಾನೇ ಮಾಡುತ್ತದೆ.