ಕನ್ನಡ ಪ್ರಬಂಧದ ಕರಡನ್ನು ನಾವೇ ತಿದ್ದಿಕೊಳ್ಳಬಹುದೇ?

ಮಂಡ್ಯದಲ್ಲಿ ಬಿ.ಎ. ಕೊನೆಯ ವರ್ಷ ಓದುತ್ತಿದ್ದೀರಿ. ವಿಶ್ವೇಶ್ವರಯ್ಯ ನಾಲೆ ಮತ್ತು ಬೇಸಾಯದ ಬಗ್ಗೆ ಬರೆದ 20 ಪುಟದ ಪ್ರಬಂಧ 'ನುಡಿ' ಎಂಬ ಕನ್ನಡ ಟೈಪಿಂಗ್ ತಂತ್ರಾಂಶದಲ್ಲಿ ಟೈಪಾಗಿದೆ, ಒಪ್ಪಿಸಲು ಒಂದು ವಾರ ಉಳಿದಿದೆ. ತಿದ್ದಿ ಜೋಡಿಸುವುದಕ್ಕೆ ಡಿಟಿಪಿ ಅಂಗಡಿಗೆ ದುಡ್ಡು ಕೊಡಬೇಕೇ ಎಂದು ಕೇಳಿದ್ದೀರಿ.

ಮೈಸೂರಿನ ಸರಸ್ವತಿಪುರಂನಲ್ಲಿ ನಾನು ಹದಿನಾಲ್ಕು ವರ್ಷ ಇದೇ ಕೆಲಸ ಮಾಡಿದವಳು. ನೀವೇ ಮಾಡಿ ಅನ್ನುತ್ತೇನೆ. ಅಂಗಡಿಯವರು ಪುಟವನ್ನು ಚೆನ್ನಾಗಿ ಕೂರಿಸುತ್ತಾರೆ. ಆದರೆ ನೀವು ಏನು ಹೇಳಹೊರಟಿದ್ದಿರಿ ಎಂಬುದು ಅವರಿಗೆ ತಿಳಿಯದು.

ಮೊದಲು ಒಂದು ಪರೀಕ್ಷೆ. ಒಂದು ಸಾಲಿನ ಫಾಂಟನ್ನು ತುಂಗಾ ಅಥವಾ ನೋಟೋ ಎಂಬ ಯೂನಿಕೋಡ್ ಫಾಂಟಿಗೆ ಬದಲಿಸಿ ನೋಡಿ. ಅಕ್ಷರಗಳು ಇಂಗ್ಲಿಷ್ ಚಿಹ್ನೆಗಳಾದರೆ ನಿಮ್ಮ ಕಡತ ಹಳೆಯ ಆಸ್ಕಿ ನುಡಿಯಲ್ಲಿದೆ, ಅಂದರೆ ಅದರದೇ ಫಾಂಟ್ ಇದ್ದರೆ ಮಾತ್ರ ಕನ್ನಡವಾಗಿ ಕಾಣುತ್ತದೆ. ಯಾವ ಕನ್ನಡ ಫಾಂಟಿನಲ್ಲೂ ಕನ್ನಡವಾಗಿಯೇ ಉಳಿಯುವ ಯೂನಿಕೋಡ್‌ಗೆ ಪರಿವರ್ತಿಸಬೇಕು. ಇದನ್ನು ತಿದ್ದುವ ಮೊದಲೇ ಮಾಡಿ. ಪರಿವರ್ತನೆಯಲ್ಲೇ ಹೊಸ ತಪ್ಪುಗಳು ಹುಟ್ಟುತ್ತವೆ: ನಡುವೆ ಇದ್ದ ಇಂಗ್ಲಿಷ್ ಪದಗಳು ಅರ್ಥವಿಲ್ಲದ ಕನ್ನಡವಾಗುತ್ತವೆ, ಅಲ್ಲಲ್ಲಿ ಒತ್ತಕ್ಷರ ಕದಲುತ್ತದೆ.

ಇನ್ನು ತಿದ್ದುವುದು. ಪರದೆಯ ಮೇಲೆ ಬೇಡ, ಮುದ್ರಿಸಿಕೊಳ್ಳಿ. ಮುದ್ರಣಾಲಯಗಳಲ್ಲಿ ಒಬ್ಬರು ಹಸ್ತಪ್ರತಿಯನ್ನು ಗಟ್ಟಿಯಾಗಿ ಓದುತ್ತಿದ್ದರು, ಇನ್ನೊಬ್ಬರು ಕರಡಚ್ಚಿನ ಮೇಲೆ ಪೆನ್ನಿಟ್ಟು ಹಿಂಬಾಲಿಸುತ್ತಿದ್ದರು. ಮನೆಯಲ್ಲಿ ತಂಗಿಯನ್ನೋ ಗೆಳತಿಯನ್ನೋ ಕೂರಿಸಿಕೊಂಡು ಅದನ್ನೇ ಮಾಡಿ. ನಾವು ಬರೆದದ್ದನ್ನು ನಾವೇ ಓದುವಾಗ ಕಣ್ಣು ಕಾಗದದ ಮೇಲಿರುವುದನ್ನು ಬಿಟ್ಟು ಮನಸ್ಸಿನಲ್ಲಿರುವುದನ್ನೇ ಓದಿಬಿಡುತ್ತದೆ.

ನಮ್ಮ ಕಡೆಯವರು ಮುಖ್ಯವಾಗಿ ಗಮನಿಸಬೇಕಾದದ್ದು ಅಕಾರ ಹಕಾರ. ನಾಲಿಗೆಯಲ್ಲಿ ಹಕ್ಕಿ ಅಕ್ಕಿಯಾಗುತ್ತದೆ. ಅದಕ್ಕೆ ಹೆದರಿ ಬರೆಯುವಾಗ ಇಲ್ಲದ ಕಡೆ ಹಕಾರ ಸೇರಿಸುತ್ತೇವೆ. 'ನಾಟಿಗೆ ಹಾಳುಗಳು ಸಿಗುತ್ತಿರಲಿಲ್ಲ' ಎಂದು ಟೈಪಾಗಿದ್ದರೆ ಸ್ಪೆಲ್‌ಚೆಕ್ ಸುಮ್ಮನಿರುತ್ತದೆ, ಏಕೆಂದರೆ ಹಾಳೂ ಸರಿಯಾದ ಪದವೇ. ಅದೇ ಸ್ಪೆಲ್‌ಚೆಕ್ 'ನಾಲೆಯಿಂದಾಗಿಯೇ' ಎಂಬ ಸರಿಯಾದ ಪದಕ್ಕೆ ಕೆಂಪು ಗೆರೆ ಎಳೆದೀತು. ಅದನ್ನು ನಂಬಿ ಪದ ಒಡೆಯಬೇಡಿ. ಅಲ್ಪಪ್ರಾಣ ಮಹಾಪ್ರಾಣಗಳು ಅದಲುಬದಲಾಗುವ ಪದಗಳೂ ಇವೆ: ಅಭಿವೃದ್ಧಿ, ಪ್ರಸಿದ್ಧ, ಅಧ್ಯಯನ, ಉಚ್ಚಾರಣೆ, ಇವನ್ನು ಒಂದೊಂದಾಗಿ ಹುಡುಕಿ ನೋಡಿ. 'ಮಂಡ್ಯ ದಲ್ಲಿ', 'ಸಾಧ್ಯ ವಾಗಿದೆ' ಎಂದು ಪ್ರತ್ಯಯ ದೂರ ಸರಿದಿದ್ದರೆ ಕೂಡಿಸಿ.

ಹೆಸರುಗಳನ್ನೂ ನೋಡಿ. ಇರ್ವಿನ್ ನಾಲೆ, ವಿ.ಸಿ. ನಾಲೆ, ವಿಶ್ವೇಶ್ವರಯ್ಯ ನಾಲೆ, ಮೂರೂ ಒಂದೇ. ಮೊದಲ ಸಲ ಅದನ್ನು ಹೇಳಿ ಆಮೇಲೆ ಒಂದೇ ಹೆಸರು ಬಳಸದಿದ್ದರೆ ಓದುವವರಿಗೆ ಮೂರು ನಾಲೆ ಕಾಣುತ್ತವೆ. ಹಾಗೆಯೇ '1933ರಲ್ಲಿ ಮಂಡ್ಯ ಜಿಲ್ಲೆಯಲ್ಲಿ ಸಕ್ಕರೆ ಕಂಪನಿ ಶುರುವಾಯಿತು' ಎಂದಿದ್ದರೆ ಕಾಗುಣಿತ ಸರಿ, ಇತಿಹಾಸ ತಪ್ಪು. ಮಂಡ್ಯ ಜಿಲ್ಲೆಯಾದದ್ದು 1939ರಲ್ಲಿ, ಅಲ್ಲಿಯವರೆಗೆ ಅದು ಮೈಸೂರು ಜಿಲ್ಲೆಯ ಭಾಗ. ಕರಡು ತಿದ್ದುವವರು ಇದನ್ನೂ ಹಿಡಿಯಬೇಕು.

ಪುಟ ಜೋಡಿಸುವುದು ಒಂದು ಸಂಜೆಯ ಕೆಲಸ. ನಿಮ್ಮ ವಿಭಾಗ ನಿಯಮ ಕೊಟ್ಟಿದ್ದರೆ ಅದೇ ಅಂತಿಮ. ಇಲ್ಲವಾದರೆ ಎ4, ಬೈಂಡಿಂಗ್‌ಗೆ ಎಡಗಡೆ ಒಂದೂವರೆ ಇಂಚು, ಉಳಿದ ಕಡೆ ಒಂದು ಇಂಚು, ಸಾಲಿನ ಅಂತರ ಒಂದೂವರೆ. ವರ್ಡ್‌ನಲ್ಲಿ ಸಾಲಿನ ಅಂತರವನ್ನು ಮಾತ್ರ 'ಎಕ್ಸಾಕ್ಟ್‌ಲಿ' ಎಂಬ ಆಯ್ಕೆಗೆ ಬದಲಿಸಬೇಡಿ. ಹಿಂದೊಮ್ಮೆ ಪುಟ ಉಳಿಸಲು ನಾನು ಹಾಗೆ ಮಾಡಿ, ಒಬ್ಬ ವಿದ್ಯಾರ್ಥಿನಿಯ ಪ್ರಬಂಧದ ಐದು ಪ್ರತಿಗಳಲ್ಲಿ ಒತ್ತಕ್ಷರಗಳ ತಳ ಕತ್ತರಿಸಿಹೋಯಿತು. ಬೈಂಡಿಂಗ್ ಆದಮೇಲೆ ಆ ವಿದ್ಯಾರ್ಥಿನಿಯ ಮುಖ ನೋಡುವುದು ಕಷ್ಟವಾಯಿತು. ಅವಳ ದುಡ್ಡು ಹಿಂದಿರುಗಿಸಿ ಮತ್ತೆ ಮುದ್ರಿಸಿಕೊಟ್ಟೆ.

ಅಧ್ಯಾಯದ ಶೀರ್ಷಿಕೆಗಳಿಗೆ ಹೆಡಿಂಗ್ ಸ್ಟೈಲ್ ಕೊಟ್ಟರೆ ಪರಿವಿಡಿಯನ್ನು ವರ್ಡ್ ತಾನೇ ಮಾಡಿಕೊಡುತ್ತದೆ. ಹೊಸ ಪುಟಕ್ಕೆ ಎಂಟರ್ ಒತ್ತುತ್ತಾ ಹೋಗಬೇಡಿ, ಕಂಟ್ರೋಲ್ ಮತ್ತು ಎಂಟರ್ ಒಟ್ಟಿಗೆ ಒತ್ತಿ. ಎರಡೂ ಅಂಚು ಸಮ ಮಾಡಿದರೆ ನಮ್ಮ ಉದ್ದುದ್ದ ಪದಗಳ ನಡುವೆ ದೊಡ್ಡ ಖಾಲಿ ಬೀಳುತ್ತದೆ. ಎಡಕ್ಕೆ ಮಾತ್ರ ಸಮ ಇರಲಿ, ನನಗೆ ಅದೇ ಇಷ್ಟ.

ಜೆರಾಕ್ಸ್ ಅಂಗಡಿಗೆ ಪಿಡಿಎಫ್ ಒಯ್ಯಿರಿ, ಅವರ ಕಂಪ್ಯೂಟರಿನಲ್ಲಿ ನಿಮ್ಮ ಫಾಂಟ್ ಇಲ್ಲದೆ ಇರಬಹುದು. ಮೊದಲು ಒಂದೇ ಪ್ರತಿ ತೆಗೆಸಿ ಅಲ್ಲೇ ನಿಂತು ಪುಟ ತಿರುವಿ ನೋಡಿ, ಆಮೇಲೆ ಉಳಿದವನ್ನು ಬೈಂಡಿಂಗ್‌ಗೆ ಕೊಡಿ.