ಪೈಲೊನೈಡಲ್ ಸೈನಸ್‌ಗೆ (ಪೃಷ್ಠದ ಸೀಳಿನ ಮೇಲ್ಭಾಗದಲ್ಲಿ ಕೂದಲು ಚರ್ಮದೊಳಗೆ ಸೇರಿ ಆಗುವ, ಕೀವು ತುಂಬಬಹುದಾದ ರಂಧ್ರಗಳಿಗೆ) ಯಾವ ಆಪರೇಷನ್ ಮಾಡಿಸಿದರೆ ಮತ್ತೆ ಬರುವುದಿಲ್ಲ?

ಖಂಡಿತ ಬರುವುದಿಲ್ಲ ಎನ್ನುವ ಆಪರೇಷನ್ ಇಲ್ಲ. ಆದರೆ ಹೊಲಿಗೆಯನ್ನು ಪೃಷ್ಠದ ಸೀಳಿನ ನಡುವಿನಿಂದ ಪಕ್ಕಕ್ಕೆ ಸರಿಸುವ ಕಾರಿಡಾಕಿಸ್, ಲಿಂಬರ್ಗ್, ಬಾಸ್ಕಮ್ ವಿಧಾನಗಳಲ್ಲಿ ಮರುಕಳಿಕೆ ಕಡಿಮೆ.

ಏಕೆಂದರೆ ಮೂಲ ಸಮಸ್ಯೆ ಆ ಸೀಳೇ. ಆಳವಾದ, ಬೆವರು ನಿಲ್ಲುವ ಜಾಗದಲ್ಲಿ ಉದುರಿದ ಕೂದಲು ಚರ್ಮದೊಳಕ್ಕೆ ಚುಚ್ಚಿಕೊಳ್ಳುತ್ತದೆ. ಕೆಟ್ಟ ಭಾಗವನ್ನಷ್ಟೇ ಕತ್ತರಿಸಿ ನಟ್ಟನಡುವೆ ಹೊಲಿದರೆ ಹೊಸ ಕೂದಲಿಗೂ ಅದೇ ದಾರಿ ಸಿಗುತ್ತದೆ. ಹಾಗಾಗಿ ನಡುವೆ ನೇರವಾಗಿ ಹೊಲಿಯುವುದನ್ನು ನಾನಂತೂ ಸೂಚಿಸುವುದಿಲ್ಲ. ಫ್ಲ್ಯಾಪ್‌ನಲ್ಲಿ, ಅಂದರೆ ಪಕ್ಕದ ಆರೋಗ್ಯಕರ ಚರ್ಮವನ್ನು ಸರಿಸಿ ಮುಚ್ಚಿದಾಗ, ಸೀಳಿನ ಆಳವೇ ತಗ್ಗುತ್ತದೆ.

ಈಗ ಕೀವು ತುಂಬಿದ್ದರೆ ಮೊದಲು ಅದನ್ನು ಹೊರತೆಗೆಸಿ. ದೊಡ್ಡ ಆಪರೇಷನ್ ಆಮೇಲೆ. ರೋಗ ಸಣ್ಣದಿದ್ದರೆ ರಂಧ್ರಗಳನ್ನಷ್ಟೇ ತೆಗೆಯುವ ಪಿಟ್ ಪಿಕಿಂಗ್ ಸಾಕಾಗಬಹುದು. ಗಾಯವನ್ನು ತೆರೆದೇ ಬಿಡುವ ವಿಧಾನವೂ ಇದೆ, ಆದರೆ ಮಾಯಲು ವಾರಗಳಿಂದ ತಿಂಗಳುಗಳೇ ಹಿಡಿಯುತ್ತವೆ.