ಬಿಸಿಲಿನಲ್ಲಿ ದುಡಿಯುವವರ ಮುಖ, ಕೈಗಳ ಚರ್ಮಕ್ಕೆ ಬೇಗ ಮುಪ್ಪು ಬರುವುದೇಕೆ? ಅದನ್ನು ಅಳೆಯುವುದು ಹೇಗೆ?

ಒಂದೇ ಮೈಯಲ್ಲಿ ಮುಖ, ಕತ್ತು, ಮುಂಗೈಗಳು ಬೆನ್ನಿಗಿಂತ ಬೇಗ ಸುಕ್ಕುಗಟ್ಟಲು ಮುಖ್ಯ ಕಾರಣ ವಯಸ್ಸಲ್ಲ, ಬಿಸಿಲಿನಲ್ಲಿರುವ ನೇರಳಾತೀತ ಕಿರಣಗಳು. ರಾಯಚೂರು, ಸಿಂಧನೂರು ಕಡೆಯ ಗದ್ದೆಗಳಲ್ಲಿ ವರ್ಷಾನುಗಟ್ಟಲೆ ದುಡಿದವರಲ್ಲಿ ಈ ವ್ಯತ್ಯಾಸ ಎದ್ದು ಕಾಣುತ್ತದೆ.

ಚರ್ಮದ ಒಳಪದರಕ್ಕೆ ಬಿಗಿ ಕೊಡುವುದು ಕೊಲ್ಯಾಜನ್ ಎಂಬ ಪ್ರೋಟೀನಿನ ನಾರುಗಳು. ನೇರಳಾತೀತ ಕಿರಣಗಳ ಪೈಕಿ 320ರಿಂದ 400 ನ್ಯಾನೊಮೀಟರ್ ತರಂಗಾಂತರದ ‘ಎ’ ವರ್ಗದವು ಈ ಪದರದವರೆಗೂ ಇಳಿದು, ಆಮ್ಲಜನಕದ ಅತಿ ಚುರುಕಾದ ರೂಪಗಳನ್ನು ಉಂಟುಮಾಡುತ್ತವೆ. ಅವುಗಳ ಪ್ರಚೋದನೆಯಿಂದ ಕೊಲ್ಯಾಜನ್ನನ್ನು ತುಂಡರಿಸುವ ಕಿಣ್ವಗಳು ಹೆಚ್ಚುತ್ತವೆ, ಹೊಸ ಕೊಲ್ಯಾಜನ್ ತಯಾರಿಕೆ ಕುಗ್ಗುತ್ತದೆ. ದುರಸ್ತಿ ಪ್ರತಿಬಾರಿಯೂ ಅಪೂರ್ಣವಾಗಿ ಉಳಿಯುವುದರಿಂದ ಹಾನಿ ಕೂಡುತ್ತಾ ಹೋಗುತ್ತದೆ. ಕಂದು ಚರ್ಮದಲ್ಲಿರುವ ಹೆಚ್ಚಿನ ಮೆಲನಿನ್ (ಚರ್ಮಕ್ಕೆ ಬಣ್ಣ ಕೊಡುವ ವಸ್ತು) ಒಂದಿಷ್ಟು ರಕ್ಷಣೆ ನೀಡುವುದು ನಿಜ. ಆದ್ದರಿಂದಲೇ ನಮ್ಮವರಲ್ಲಿ ಆಳವಾದ ಸುಕ್ಕುಗಳಿಗಿಂತ ಮೊದಲು ಕಪ್ಪು ಕಲೆಗಳೂ ಏರುಪೇರಾದ ಬಣ್ಣವೂ ಕಾಣಿಸಿಕೊಳ್ಳುತ್ತವೆ. ಈ ರಕ್ಷಣೆಯೇ ಸಾಕೆಂದು ನಂಬಿ ತಲೆಗೆ ವಲ್ಲಿ ಸುತ್ತದೆ, ತುಂಬುತೋಳಿನ ಅಂಗಿ ತೊಡದೆ ಹೊಲಕ್ಕಿಳಿಯುವುದು ಸರಿಯಲ್ಲ.

ಅಳತೆಗೆ ಹೆಚ್ಚಾಗಿ ಬಳಸುವ ಉಪಕರಣವೊಂದು ಸುಮಾರು 2 ಮಿಲಿಮೀಟರ್ ಅಗಲದ ರಂಧ್ರದೊಳಕ್ಕೆ ಚರ್ಮವನ್ನು ಮೃದುವಾಗಿ ಹೀರಿ ಬಿಡುತ್ತದೆ. ಚರ್ಮ ಎಷ್ಟು ಮೇಲೆದ್ದಿತು, ಬಿಟ್ಟೊಡನೆ ಅದರಲ್ಲಿ ಎಷ್ಟು ಭಾಗ ಹಿಂದಿರುಗಿತು ಎಂಬುದರ ಅನುಪಾತವೇ ಅದರ ಸ್ಥಿತಿಸ್ಥಾಪಕತೆ. ಮುಪ್ಪಾದಂತೆ ಇದು ಇಳಿಯುತ್ತದೆ. ಒಳಪದರದ ದಪ್ಪ ಮತ್ತು ಸಾಂದ್ರತೆಯನ್ನು ಅಧಿಕ ಆವರ್ತನದ ಅಲ್ಟ್ರಾಸೌಂಡ್ ತೋರಿಸುತ್ತದೆ. ಬಿಸಿಲಿನ ಪಾಲನ್ನು ವಯಸ್ಸಿನ ಪಾಲಿನಿಂದ ಬೇರ್ಪಡಿಸಲು, ಅದೇ ವ್ಯಕ್ತಿಯ ಬಿಸಿಲು ಕಾಣದ ತೋಳಿನ ಒಳಭಾಗದ ಅಳತೆಯೊಂದಿಗೆ ಹೋಲಿಸುತ್ತಾರೆ.